ಹಳೆಯ ಡೆಸ್ಕ್‌ಟಾಪ್‌ಗೆ ವೇಗದ ಯುಎಸ್‌ಬಿ ಪೋರ್ಟ್: ಅಳತೆಯಿಂದ ಜೋಡಣೆಯವರೆಗೆ ಸಮಗ್ರ ಮಾರ್ಗದರ್ಶಿ

ಹಳೆಯ ಯಂತ್ರಕ್ಕೆ ವೇಗದ ಯುಎಸ್‌ಬಿ ಪೋರ್ಟ್ ಸೇರಿಸುವ ಕಾರ್ಡ್ ತರಿಸಿದ್ದಾಯಿತು, ಹಾಕಿದ್ದಾಯಿತು, ಫೈಲ್ ಹೋಗುವ ವೇಗ ಮಾತ್ರ ಮೊದಲಿನಷ್ಟೇ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಓದುಗರು ಮತ್ತೆ ಮತ್ತೆ ಹೇಳಿಕೊಳ್ಳುವ ತೊಂದರೆ ಇದು. ವಿವರ ಕೇಳುತ್ತ ಹೋದರೆ ಕಾರಣ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಕೆಲಸಗಳ ಕ್ರಮ ತಪ್ಪಿರುತ್ತದೆ. ಅಳೆಯುವ ಮೊದಲೇ ಕೊಂಡಿರುತ್ತಾರೆ, ಕಾರ್ಡ್ ಕೂರುವ ಸ್ಲಾಟ್ ನೋಡುವ ಮೊದಲೇ ಕಾರ್ಡ್ ಆರಿಸಿರುತ್ತಾರೆ, ಕಾರ್ಡನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶವಾದ ಡ್ರೈವರ್ ಇಳಿಸಿಟ್ಟುಕೊಳ್ಳದೆ ಕ್ಯಾಬಿನೆಟ್ ಬಿಚ್ಚಿರುತ್ತಾರೆ. ನಮ್ಮ ಜಿಲ್ಲೆಯಲ್ಲಿ ತಪ್ಪು ಕಾರ್ಡ್ ಬಂದರೆ ಬದಲಿಸಿಕೊಳ್ಳುವುದೂ ಸುಲಭವಲ್ಲ. ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕು, ಇಲ್ಲವೇ ಕೊರಿಯರ್‌ನಲ್ಲಿ ಹಿಂದಕ್ಕೆ ಕಳಿಸಿ ಕಾಯಬೇಕು. ಆದ್ದರಿಂದ ಈ ಬರಹದ ದೊಡ್ಡ ಪಾಲು ಖರೀದಿಗೂ ಮುಂಚಿನ ಕೆಲಸಗಳದ್ದು. ಅದನ್ನು ಹಾರಿಸಿ ಮುಂದೆ ಹೋಗಬೇಡಿ.

ಸುಮಾರು 2007ರಿಂದ 2013ರ ನಡುವೆ ಮನೆಗೆ ಬಂದ ಡೆಸ್ಕ್‌ಟಾಪ್‌ಗಳಿಗೆ, ಅಂದರೆ ಜಿ31, ಜಿ41, ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್ ಇರುವ ಯಂತ್ರಗಳಿಗೆ ಇಲ್ಲಿನ ಮಾತುಗಳು ಅನ್ವಯಿಸುತ್ತವೆ. ಲ್ಯಾಪ್‌ಟಾಪ್‌ಗಳ ವಿಚಾರ ಬೇರೆ.

ಹಂತ 1: ನಿಧಾನ ಎಲ್ಲಿದೆ ಎಂದು ಮೊದಲು ಅಳೆಯಿರಿ

2000ದಲ್ಲಿ ಬಂದ ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಎಂದು ಭಾಗಿಸಿದರೆ 60 ಎಂಬಿ. ಸಾಧನಗಳ ನಡುವಿನ ಮಾತುಕತೆಗೇ ಅದರಲ್ಲಿ ಒಂದಷ್ಟು ಖರ್ಚಾಗುವುದರಿಂದ ಕೈಗೆ ಸಿಗುವುದು 30ರಿಂದ 40 ಎಂಬಿ. 2008ರ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್‌ನದು. ಒಳ್ಳೆಯ ಸಾಧನಗಳಿದ್ದರೆ 400 ಎಂಬಿ ಸುತ್ತಮುತ್ತ ಸಿಗುತ್ತದೆ. ಕಾಗದದ ಮೇಲಿನ ಈ ಹತ್ತು ಪಟ್ಟು ಅಂತರವನ್ನು ನೋಡಿಯೇ ಜನ ಕಾರ್ಡ್ ಕೊಳ್ಳುತ್ತಾರೆ. ಆದರೆ ಫೈಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಒಳಗಿನ ಹಾರ್ಡ್‌ಡಿಸ್ಕ್, ಪೋರ್ಟ್, ಕೇಬಲ್, ಹೊರಗಿನ ಡ್ರೈವ್, ಈ ನಾಲ್ಕನ್ನೂ ದಾಟಬೇಕು. ನಾಲ್ಕರಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದರ ವೇಗವೇ ಒಟ್ಟು ವೇಗ.

ಅಳೆಯುವುದು ಹೀಗೆ. 2-3 ಜಿಬಿ ಗಾತ್ರದ ಒಂದೇ ಒಂದು ವಿಡಿಯೊ ಫೈಲನ್ನು ಹೊರಗಿನ ಡ್ರೈವ್‌ಗೆ ನಕಲಿಸಿ. ಮೊದಲ ಕೆಲವು ಸೆಕೆಂಡುಗಳ ಅಂಕಿಯನ್ನು ನಂಬಬೇಡಿ. ಆಗ ಫೈಲ್ ಇನ್ನೂ ಮೆಮೊರಿಯಲ್ಲಿರುತ್ತದೆ, ಡ್ರೈವ್ ತಲುಪಿರುವುದಿಲ್ಲ. ಅರ್ಧ ಕಳೆದ ಮೇಲೆ ಸ್ಥಿರವಾಗಿ ನಿಲ್ಲುವ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮದುವೆಯ ಸಾವಿರ ಫೋಟೊಗಳ ಫೋಲ್ಡರ್ ಬಳಸಿ ಅಳೆಯಬೇಡಿ. ಸಣ್ಣ ಫೈಲ್‌ಗಳು ಎಂಥ ಹೊಸ ಯಂತ್ರದಲ್ಲೂ ನಿಧಾನವಾಗಿಯೇ ಹೋಗುತ್ತವೆ.

ಸಿಕ್ಕ ಅಂಕಿ 30ರಿಂದ 40 ಎಂಬಿ ನಡುವೆ ಕದಲದೆ ನಿಂತಿದ್ದರೆ ಪೋರ್ಟೇ ತಡೆಯುತ್ತಿದೆ ಎಂದು ತಿಳಿಯಿರಿ. ಕಾರ್ಡ್ ಹಾಕಿದರೆ ಫಲ ಸಿಗುವುದು ಇಂಥ ಯಂತ್ರಕ್ಕೇ. 5ರಿಂದ 20 ಎಂಬಿ ನಡುವೆ ಏರಿಳಿಯುತ್ತಿದ್ದರೆ ಬಹುತೇಕ ತಪ್ಪು ಪೆನ್‌ಡ್ರೈವ್‌ನದೇ. 3.0 ಎಂದು ಮುದ್ರಿಸಿದ ಅಗ್ಗದ ಪೆನ್‌ಡ್ರೈವ್‌ಗಳೂ ಬರೆಯುವ ಹೊತ್ತಿಗೆ ಇಷ್ಟಕ್ಕೇ ಇಳಿಯುತ್ತವೆ. ಪರಿಚಿತರ ಹೊಸ ಲ್ಯಾಪ್‌ಟಾಪ್‌ನ ವೇಗದ ಪೋರ್ಟ್‌ಗೆ ಅದೇ ಪೆನ್‌ಡ್ರೈವ್ ಹಾಕಿ ನೋಡಿ. ಅಲ್ಲಿಯೂ ಅಷ್ಟೇ ಬಂದರೆ ಕಾರ್ಡ್ ಕೊಳ್ಳುವ ವಿಚಾರ ಬಿಡಿ. ಇನ್ನು 1 ಎಂಬಿ ಆಸುಪಾಸಿನಲ್ಲಿ ತೆವಳುತ್ತಿದ್ದರೆ ಪೋರ್ಟ್ 1998ರ ಯುಎಸ್‌ಬಿ 1.1ರ ವೇಗಕ್ಕೆ, ಅಂದರೆ 12 ಮೆಗಾಬಿಟ್‌ಗೆ ಕುಸಿದಿದೆ. ಕೇಬಲ್ ಕೆಟ್ಟಿರಬಹುದು, ಪೋರ್ಟ್‌ನ ಒಳಗೆ ತುಕ್ಕು ಕೂತಿರಬಹುದು, ಬಯೋಸ್‌ನಲ್ಲಿ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡ್‌ನ ಸೆಟ್ಟಿಂಗ್‌ಗಳಿರುವ ತಂತ್ರಾಂಶ) 2.0 ನಿಷ್ಕ್ರಿಯವಾಗಿರಬಹುದು. ಮೊದಲು ಅದನ್ನು ಸರಿಪಡಿಸಿ.

ಎಷ್ಟು ಲಾಭ ನಿರೀಕ್ಷಿಸಬಹುದು ಎಂಬುದನ್ನೂ ಈಗಲೇ ಲೆಕ್ಕ ಹಾಕಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 80ರಿಂದ 120 ಎಂಬಿಯಷ್ಟನ್ನು ಓದಬಲ್ಲದು. ರಾತ್ರಿಯಿಡೀ ನಡೆದ ಯಕ್ಷಗಾನದ ಚಿತ್ರೀಕರಣ 60 ಜಿಬಿ ಇದೆ ಎಂದುಕೊಳ್ಳೋಣ. 35 ಎಂಬಿ ವೇಗದಲ್ಲಿ ಅದನ್ನು ಹೊರಗಿನ ಡಿಸ್ಕ್‌ಗೆ ಹಾಕಲು ಸುಮಾರು ಅರ್ಧ ಗಂಟೆ. 100 ಎಂಬಿಯಲ್ಲಿ ಹತ್ತು ನಿಮಿಷ. ಇಂಥ ಯಂತ್ರದಲ್ಲಿ ಮೂರು ಪಟ್ಟು ಸಿಕ್ಕರೆ ಅದು ಪೂರ್ಣ ಯಶಸ್ಸು. ಹತ್ತು ಪಟ್ಟಿನ ಆಸೆ ಇಟ್ಟುಕೊಳ್ಳಬೇಡಿ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಒಳಗೆ ಇನ್ನೂ ಹಳೆಯ ಹಾರ್ಡ್‌ಡಿಸ್ಕೇ ಇದ್ದು, ಕೈಯಲ್ಲಿ ಒಂದೇ ಬದಲಾವಣೆಗೆ ಹಣವಿದ್ದರೆ, ಆ ಹಣ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಗೆ ಹೋಗಲಿ. ಪೋರ್ಟ್‌ನ ಸರದಿ ಆಮೇಲೆ.

ಹಂತ 2: ಇರುವ ಪೋರ್ಟ್‌ಗಳನ್ನು ಗುರುತಿಸಿ

ವೇಗದ ಪೋರ್ಟ್ ಈಗಾಗಲೇ ಇದ್ದು, ಡ್ರೈವರ್ ಇಲ್ಲದೆ ಸುಮ್ಮನೆ ಕೂತಿರುವುದೂ ಉಂಟು. ಯುಎಸ್‌ಬಿ 3.0 ಪೋರ್ಟ್‌ನ ಒಳಗಿನ ನಾಲಗೆ ಸಾಮಾನ್ಯವಾಗಿ ನೀಲಿ. 2.0ರಲ್ಲಿ ನಾಲ್ಕು ಸಂಪರ್ಕ ಪಟ್ಟಿಗಳಿದ್ದರೆ 3.0ರಲ್ಲಿ ಒಂಬತ್ತು. ಬಣ್ಣವೊಂದನ್ನೇ ನಂಬಬೇಡಿ, ಕೆಲವು ತಯಾರಕರು 3.0ಕ್ಕೂ ಕಪ್ಪು ನಾಲಗೆ ಹಾಕುತ್ತಾರೆ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಮುಂಭಾಗದ ನೀಲಿ ಪೋರ್ಟ್ ಒಳಗೆ 2.0 ಪಿನ್‌ಗಳಿಗೇ ಜೋಡಣೆಯಾಗಿರುತ್ತದೆ.

ಖಚಿತ ಉತ್ತರ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ. ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಎಂಬ ಸಾಲನ್ನು ಬಿಡಿಸಿ. ‘ಎಕ್ಸ್‌ಟೆನ್ಸಿಬಲ್’ ಅಥವಾ ‘ಎಕ್ಸ್‌ಎಚ್‌ಸಿಐ’ ಎಂಬ ಪದವಿರುವ ಕಂಟ್ರೋಲರ್ ಕಂಡರೆ 3.0 ಇದೆ. ‘ಎನ್‌ಹ್ಯಾನ್ಸ್‌ಡ್’ ಎಂಬುದು ಮಾತ್ರ ಇದ್ದರೆ 2.0 ಅಷ್ಟೇ. ಅದರ್ ಡಿವೈಸಸ್ ಎಂಬ ಸಾಲಿನಡಿ ಹಳದಿ ಗುರುತಿನೊಂದಿಗೆ ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ ಕೂತಿದ್ದರೆ ಏನನ್ನೂ ಕೊಳ್ಳಬೇಡಿ, ನಿಮಗೆ ಬೇಕಿರುವುದು ಡ್ರೈವರ್ ಮಾತ್ರ. ವಿಂಡೋಸ್ 7ರ ಒಳಗೆ 3.0 ಡ್ರೈವರ್ ಇರಲಿಲ್ಲ. ವಿಂಡೋಸ್ 8ರಿಂದ ಅದು ಜೊತೆಗೇ ಬರುತ್ತದೆ.

ಇಂಟೆಲ್ ತನ್ನ ಚಿಪ್‌ಸೆಟ್‌ನೊಳಗೇ ಯುಎಸ್‌ಬಿ 3.0 ಸೇರಿಸಿದ್ದು 2012ರ 7 ಸರಣಿಯಿಂದ. ಎಚ್61 ಅದಕ್ಕೆ ಮೊದಲಿನದು. ಆ ಬೋರ್ಡ್‌ಗಳಲ್ಲಿ ನೀಲಿ ಪೋರ್ಟ್ ಕಂಡರೆ ತಯಾರಕರು ಬೇರೆ ಚಿಪ್ ಕೂರಿಸಿದ್ದಾರೆ ಎಂದರ್ಥ, ಡ್ರೈವರ್ ಕೂಡ ಆ ಚಿಪ್‌ನದೇ ಬೇಕು. 7 ಸರಣಿಯ ಬೋರ್ಡ್ ನಿಮ್ಮದಾದರೆ ಬಯೋಸ್‌ಗೆ ಹೋಗಿ ‘ಎಕ್ಸ್‌ಎಚ್‌ಸಿಐ ಮೋಡ್’ ನಿಷ್ಕ್ರಿಯವಾಗಿದೆಯೇ ಎಂದೂ ನೋಡಿ.

ಹಂತ 3: ಕ್ಯಾಬಿನೆಟ್ ತೆರೆದು ಸ್ಲಾಟ್ ನೋಡಿ

ಈ ಹಂತದಲ್ಲಿ ಏನನ್ನೂ ಮುಟ್ಟುವುದು ಬೇಡ. ಯಂತ್ರ ನಿಲ್ಲಿಸಿ, ಗೋಡೆಯ ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು, ಮೊಬೈಲ್‌ನಲ್ಲಿ ನಾಲ್ಕಾರು ಫೋಟೊ ತೆಗೆದುಕೊಳ್ಳಿ: ಸ್ಲಾಟ್‌ಗಳು, ಹಿಂಭಾಗದ ಲೋಹದ ಪಟ್ಟಿಗಳು, ಎಸ್‌ಎಂಪಿಎಸ್‌ನಿಂದ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಡಬ್ಬಿ) ಬಂದು ಖಾಲಿ ನೇತಾಡುತ್ತಿರುವ ಕನೆಕ್ಟರ್‌ಗಳು, ಬೋರ್ಡ್‌ನ ಮೇಲೆ ಮುದ್ರಿಸಿರುವ ಮಾದರಿ ಸಂಖ್ಯೆ. ಅಂಗಡಿಯಲ್ಲಿ ನಿಂತಾಗ ಈ ಫೋಟೊಗಳೇ ಉತ್ತರ ಹೇಳುತ್ತವೆ.

ಬೇಕಾದದ್ದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್. ಅದರ ಅತಿ ಚಿಕ್ಕ ರೂಪವಾದ ಎಕ್ಸ್-1 ಸುಮಾರು 25 ಮಿಲಿಮೀಟರ್ ಉದ್ದ. ಹೆಚ್ಚಾಗಿ ಬಿಳಿ ಅಥವಾ ಕೆನೆ ಬಣ್ಣದ, ಸುಮಾರು 85 ಮಿಲಿಮೀಟರ್ ಉದ್ದದ ಸ್ಲಾಟ್ ಹಳೆಯ ಪಿಸಿಐ. ಹೆಸರು ಹತ್ತಿರವಿದ್ದರೂ ಎರಡೂ ಬೇರೆ, ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯ ಪಿಸಿಐನ ಒಟ್ಟು ಸಾಮರ್ಥ್ಯವೇ ಸೆಕೆಂಡಿಗೆ 133 ಎಂಬಿ, ಅದನ್ನೂ ಉಳಿದ ಕಾರ್ಡ್‌ಗಳೊಂದಿಗೆ ಹಂಚಿಕೊಳ್ಳಬೇಕು. ನಿಮ್ಮಲ್ಲಿ ಅದೊಂದೇ ಇದ್ದರೆ ಈ ಕೆಲಸ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಎಕ್ಸ್-1 ಸ್ಲಾಟ್ ಖಾಲಿ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್‌ನ ಉದ್ದನೆಯ ಎಕ್ಸ್-16 ಸ್ಲಾಟ್‌ನಲ್ಲೂ ಎಕ್ಸ್-1 ಕಾರ್ಡ್ ಕೂರುತ್ತದೆ. ಉದ್ದದ ಉಳಿದ ಭಾಗ ಖಾಲಿ ಇರುತ್ತದೆ, ಅಷ್ಟೇ. ಕೆಲವು ಹಳೆಯ ಬೋರ್ಡ್‌ಗಳು ಮಾತ್ರ ಅಲ್ಲಿ ಏನೇ ಕೂತರೂ ಅದನ್ನು ಗ್ರಾಫಿಕ್ಸ್ ಕಾರ್ಡ್ ಎಂದೇ ತಿಳಿದು ತಮ್ಮದೇ ಮಾನಿಟರ್ ಪೋರ್ಟನ್ನು ನಿಲ್ಲಿಸಿಬಿಡುತ್ತವೆ. ಕಾರ್ಡ್ ಹಾಕುವ ಮೊದಲೇ ಬಯೋಸ್‌ನಲ್ಲಿ ಮೊದಲ ಡಿಸ್‌ಪ್ಲೇ ‘ಆನ್‌ಬೋರ್ಡ್’ ಅಥವಾ ‘ಐಜಿಡಿ’ ಎಂದು ಇಟ್ಟುಕೊಂಡರೆ ಪರದೆ ಕತ್ತಲಾಗುವ ಗಾಬರಿ ತಪ್ಪುತ್ತದೆ.

ಸ್ಲಾಟ್‌ನ ತಲೆಮಾರೂ ಮುಖ್ಯ. ಜಿ31, ಜಿ41 ಬೋರ್ಡ್‌ಗಳ ಎಕ್ಸ್-1 ಸ್ಲಾಟ್ ಸಾಮಾನ್ಯವಾಗಿ ಮೊದಲ ತಲೆಮಾರಿನದು, ಸೆಕೆಂಡಿಗೆ 250 ಎಂಬಿ ಮಿತಿ. ಎಚ್61ರಲ್ಲಿ ಎರಡನೆಯದು, ಮಿತಿ 500 ಎಂಬಿ. 250 ಎಂಬಿ ಎಂದರೂ ಹಳೆಯ ಹಾರ್ಡ್‌ಡಿಸ್ಕ್‌ಗೆ ಸಾಕು ಮತ್ತು ಮಿಗುತ್ತದೆ.

ಹಂತ 4: ಕಾರ್ಡ್ ಆರಿಸುವುದು

ಅಂಗಡಿಯ ಪೆಟ್ಟಿಗೆಗಳ ಮೇಲೆ 3.0, 3.1 ಜೆನ್ 1, 3.2 ಜೆನ್ 1 ಎಂಬ ಮೂರು ಹೆಸರುಗಳು ಕಾಣುತ್ತವೆ. ಮೂರೂ ಅದೇ 5 ಗಿಗಾಬಿಟ್. ದೊಡ್ಡ ಸಂಖ್ಯೆಗೆ ಹೆಚ್ಚು ಹಣ ಕೊಡಬೇಡಿ. 10 ಗಿಗಾಬಿಟ್‌ನ ಕಾರ್ಡ್ ಕೂಡ ಬೇಡ. ನಿಮ್ಮ ಸ್ಲಾಟ್‌ಗೆ ಆ ಶಕ್ತಿ ಇಲ್ಲ.

ನೋಡಬೇಕಾದದ್ದು ಕಾರ್ಡ್‌ನ ಮೇಲಿನ ಚಿಪ್. ರೆನೆಸಾಸ್‌ನ ಯುಪಿಡಿ720201 (ನಾಲ್ಕು ಪೋರ್ಟ್‌ಗೆ), ಯುಪಿಡಿ720202 (ಎರಡು ಪೋರ್ಟ್‌ಗೆ), ವಿಐಎಯ ವಿಎಲ್805 ಬಹಳ ಕಡೆ ಬಳಕೆಯಲ್ಲಿರುವವು, ಡ್ರೈವರ್ ಸಿಗುವುದೂ ಸುಲಭ. ಚಿಪ್‌ನ ಹೆಸರನ್ನೇ ಹೇಳದ ಕಾರ್ಡ್ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ, ವಿಶೇಷವಾಗಿ ನಿಮ್ಮಲ್ಲಿ ವಿಂಡೋಸ್ 7 ಇದ್ದರೆ. ಯಾವ ಡ್ರೈವರ್ ಹುಡುಕಬೇಕೆಂದೇ ಗೊತ್ತಾಗದೆ ಸಂಜೆಯಿಡೀ ಕಳೆದುಹೋಗುತ್ತದೆ.

ಎರಡನೆಯದು ವಿದ್ಯುತ್. 3.0ರ ಒಂದು ಪೋರ್ಟ್ 900 ಮಿಲಿಆಂಪ್‌ವರೆಗೆ, ಅಂದರೆ 5 ವೋಲ್ಟ್‌ನಲ್ಲಿ 4.5 ವಾಟ್ ಕೊಡಬೇಕು. ನಾಲ್ಕು ಪೋರ್ಟ್‌ಗೆ 18 ವಾಟ್. ಎಕ್ಸ್-1 ಸ್ಲಾಟ್‌ನಿಂದ ಸಾಮಾನ್ಯವಾಗಿ ನೆಚ್ಚಿಕೊಳ್ಳಬಹುದಾದದ್ದು 10 ವಾಟ್ ಮಾತ್ರ, ಅದೂ 12 ಮತ್ತು 3.3 ವೋಲ್ಟ್‌ನಲ್ಲಿ, 5 ವೋಲ್ಟ್ ತಂತಿ ಆ ಸ್ಲಾಟ್‌ನಲ್ಲೇ ಇಲ್ಲ. ಆದ್ದರಿಂದ ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸುವವರು ಪ್ರತ್ಯೇಕ ಪವರ್ ಕನೆಕ್ಟರ್ ಇರುವ ಕಾರ್ಡನ್ನೇ ಕೊಳ್ಳಬೇಕು. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಖಾಲಿ ಇರುವುದು ತೆಳು, ಚಪ್ಪಟೆ ಸಾಟಾ ಕನೆಕ್ಟರೋ ದೊಡ್ಡ ನಾಲ್ಕು ಪಿನ್‌ನ ಮೋಲೆಕ್ಸೋ ಎಂದು ಫೋಟೊದಲ್ಲಿ ನೋಡಿ, ಅದಕ್ಕೆ ಹೊಂದುವ ಕಾರ್ಡ್ ತೆಗೆದುಕೊಳ್ಳಿ. ಮೋಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ಅಗ್ಗದ ಅಡಾಪ್ಟರ್‌ಗಳನ್ನು ಮನೆಗೆ ತರಲೇಬೇಡಿ. ತಂತಿಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದ ಅಂಥ ಅಡಾಪ್ಟರ್‌ಗಳು ಒಳಗೊಳಗೇ ಶಾರ್ಟ್ ಆಗಿ ಹೊತ್ತಿಕೊಂಡ ಉದಾಹರಣೆಗಳಿವೆ.

ಮೂರನೆಯದು ಲೋಹದ ಪಟ್ಟಿಯ ಎತ್ತರ. ಕಚೇರಿಗಳಿಂದ ಹಳೆಯದಾಗಿ ಬರುವ ತೆಳು ಡೆಸ್ಕ್‌ಟಾಪ್‌ಗಳಿಗೆ ಸುಮಾರು 80 ಮಿಲಿಮೀಟರ್‌ನ ಗಿಡ್ಡ ಪಟ್ಟಿ ಬೇಕು, ಸಾಮಾನ್ಯ ಕ್ಯಾಬಿನೆಟ್‌ಗೆ 120ರದು. ಎರಡೂ ಪಟ್ಟಿ ಜೊತೆಗೆ ಕೊಡುವ ಕಾರ್ಡ್‌ಗಳಿವೆ.

ಹಂತ 5: ಸಾಮಾನು ಮತ್ತು ಪೂರ್ವತಯಾರಿ

ಮಧ್ಯಮ ಗಾತ್ರದ ಸ್ಟಾರ್ ಸ್ಕ್ರೂಡ್ರೈವರ್, ಮೆದು ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಬಿಳಿ ರಬ್ಬರ್, ಟಾರ್ಚ್, ವಿದ್ಯುತ್ ಟೆಸ್ಟರ್, ತಿರುಪುಗಳನ್ನು ಹಾಕಿಡಲು ಒಂದು ತಟ್ಟೆ. ಇಷ್ಟು ಸಾಕು.

ಚಿಪ್‌ಗೆ ತಕ್ಕ ಡ್ರೈವರನ್ನು ಈಗಲೇ ಇಳಿಸಿ ಹಾರ್ಡ್‌ಡಿಸ್ಕ್‌ನಲ್ಲಿಡಿ, ಆದರೆ ಸ್ಥಾಪಿಸಬೇಡಿ. ಅನೇಕ ಡ್ರೈವರ್‌ಗಳ ಸ್ಥಾಪಕ ತಂತ್ರಾಂಶ ಮೊದಲು ಕಾರ್ಡ್ ಹುಡುಕುತ್ತದೆ, ಕಾಣದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಇಳಿಸುವುದು ಮೊದಲು, ಕಾರ್ಡ್ ಕೂರಿಸುವುದು ನಂತರ, ಸ್ಥಾಪಿಸುವುದು ಕೊನೆಗೆ. ವಿಂಡೋಸ್ 8 ಅಥವಾ ಅದಕ್ಕಿಂತ ಹೊಸದಿದ್ದರೆ ಈ ಗೋಜು ಬಹುತೇಕ ಇಲ್ಲ. ಲಿನಕ್ಸ್‌ಗೆ 2009ರ ಕರ್ನಲ್‌ನಿಂದಲೇ 3.0 ಗೊತ್ತು.

ಮುಖ್ಯ ಫೈಲ್‌ಗಳ ಒಂದು ಪ್ರತಿ ಬೇರೆಡೆ ಇಡಿ, ವಿಂಡೋಸ್‌ನಲ್ಲಿ ರಿಸ್ಟೋರ್ ಪಾಯಿಂಟ್ (ತೊಂದರೆಯಾದರೆ ಹಿಂದಿನ ಸ್ಥಿತಿಗೆ ಮರಳಲು) ಮಾಡಿ. ಗುಡುಗು ಮಿಂಚಿನ ದಿನ, ಪದೇ ಪದೇ ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಂತ 6: ಅರ್ಥಿಂಗ್, ಉಪ್ಪುಗಾಳಿ, ಹುಳುಗಳ ಪರೀಕ್ಷೆ

ಬಯಲುಸೀಮೆಯ ಮಾರ್ಗದರ್ಶಿಗಳಲ್ಲಿ ಇಲ್ಲದ ಹಂತ ಇದು. ಕರಾವಳಿಯಲ್ಲಿ ಇದನ್ನು ಬಿಟ್ಟರೆ ಹೊಸ ಕಾರ್ಡ್ ಕೂಡ ಕೆಡುತ್ತದೆ.

ಯಂತ್ರ ಚಾಲೂ ಇರುವಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹಕ್ಕೆ ಟೆಸ್ಟರ್ ಮುಟ್ಟಿಸಿ. ದೀಪ ಹೊತ್ತಿದರೆ, ಅಥವಾ ಬರಿಗಾಲಲ್ಲಿ ನಿಂತು ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ, ನಿಮ್ಮ ಪ್ಲಗ್‌ನ ಮೂರನೆಯ ಪಿನ್‌ಗೆ ಅರ್ಥಿಂಗ್ ಸರಿಯಾಗಿಲ್ಲ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಸೋರುವ ವಿದ್ಯುತ್ ಭೂಮಿಗೆ ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್‌ನಲ್ಲೇ ನಿಂತಿರುತ್ತದೆ. ಈ ಸ್ಥಿತಿಯಲ್ಲಿ ಟಿವಿಗೋ ಪ್ರಿಂಟರ್‌ಗೋ ಕೇಬಲ್ ಚುಚ್ಚಿದ ಕ್ಷಣದಲ್ಲಿ ಪೋರ್ಟ್ ಸುಟ್ಟುಹೋಗಬಹುದು. ಚಿರೇಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿಬಿಡುತ್ತದೆ. ಅದಕ್ಕೆ ಆಗಾಗ ನೀರು ಹಾಕಬೇಕು. ಎಲೆಕ್ಟ್ರಿಷಿಯನ್‌ನಿಂದ ಇದನ್ನು ಸರಿಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸ.

ಈಗ ಯಂತ್ರ ನಿಲ್ಲಿಸಿ. ಗೋಡೆಯ ಪ್ಲಗ್, ಯುಪಿಎಸ್, ಮಾನಿಟರ್, ಇಂಟರ್‌ನೆಟ್ ಕೇಬಲ್ ಎಲ್ಲವನ್ನೂ ಕಳಚಿ. ಎಲ್ಲ ಕಳಚಿದ ಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಬೋರ್ಡ್ ಮುಟ್ಟುವ ಮೊದಲು ಪ್ರತಿ ಸಲವೂ ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ. ಮಳೆಗಾಲದ ತೇವದಲ್ಲಿ ಸ್ಥಿರ ವಿದ್ಯುತ್ತಿನ ಕಾಟ ಕಡಿಮೆ ನಿಜ. ಘಟ್ಟದ ಮೇಲಿನ ಚಳಿಗಾಲದ ಒಣಗಾಳಿಯಲ್ಲಿ ಹಾಗಲ್ಲ. ಉಣ್ಣೆಯ ಸ್ವೆಟರ್ ತೆಗೆದಿಟ್ಟು ಕೂರಿ.

ದೂಳನ್ನು ಮನೆಯ ಹೊರಗೆ ಬ್ರಷ್‌ನಿಂದ ಕೊಡವಿ. ಬ್ಲೋವರ್ ಬಳಸಿದರೆ ಫ್ಯಾನ್ ಗರಗರ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಬಳಸದೆ ಬಿಟ್ಟ ಪೋರ್ಟ್‌ಗಳ ಒಳಗೆ ಟಾರ್ಚ್ ಹಾಕಿ ನೋಡಿ: ಕುಂಬಾರ ಹುಳು ಮಣ್ಣು ಮೆತ್ತಿರಬಹುದು, ಮೂಲೆಗಳಲ್ಲಿ ಹಲ್ಲಿಯ ಮೊಟ್ಟೆ, ಇರುವೆ ಇರಬಹುದು. ಮಣ್ಣನ್ನು ಪಿನ್ನಿನಿಂದ ಕೆರೆಯಬೇಡಿ, ಸಂಪರ್ಕ ಪಟ್ಟಿ ಮುರಿಯುತ್ತದೆ. ಮರದ ಹಲ್ಲುಕಡ್ಡಿ ಬಳಸಿ. ಕಡಲ ಹತ್ತಿರದ ಮನೆಗಳಲ್ಲಿ ತಾಮ್ರದ ಭಾಗಗಳ ಮೇಲೆ ಹಸಿರು, ತವರದ ಮೇಲೆ ಬಿಳಿ ಪುಡಿ ಕಾಣುವುದು ಸಾಮಾನ್ಯ. ಬ್ರಷ್‌ಗೆ ಆಲ್ಕೊಹಾಲ್ ತಗುಲಿಸಿ ಮೆಲ್ಲಗೆ ಉಜ್ಜಿ, ಪೂರ್ತಿ ಆರಲು ಬಿಡಿ. ಸ್ಲಾಟ್‌ನ ಒಳಗೇ ಹಸಿರು ಹಬ್ಬಿದ್ದರೆ ಆ ಸ್ಲಾಟ್ ಬಿಟ್ಟು ಬೇರೆಯದನ್ನು ಬಳಸಿ.

ಇಲ್ಲಿ ಒಂದು ಎಚ್ಚರಿಕೆಯ ಗುರುತು ಇದೆ. ಪ್ರೊಸೆಸರ್‌ನ ಸುತ್ತ ನಿಂತಿರುವ ಸಣ್ಣ ಡಬ್ಬಿಗಳಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಕಂದು ದ್ರವ ಒಸರಿದ್ದರೆ, ಆ ಬೋರ್ಡ್‌ನ ಆಯುಷ್ಯ ಮುಗಿಯುತ್ತ ಬಂದಿದೆ. ಅದಕ್ಕೆ ಹೊಸ ಕಾರ್ಡ್ ಹಾಕುವುದು ಬೇಡ. ಗಡಿಯಾರ ಪದೇ ಪದೇ ಹಿಂದೆ ಬೀಳುತ್ತಿದ್ದರೆ ಬೋರ್ಡ್‌ನ ಸಿಆರ್2032 ಬ್ಯಾಟರಿಯನ್ನೂ ಇದೇ ಹೊತ್ತಿನಲ್ಲಿ ಬದಲಿಸಿ. ಹಾಗೆ ಬದಲಿಸಿದರೆ ಬಯೋಸ್ ಸೆಟ್ಟಿಂಗ್‌ಗಳು ಮೂಲ ಸ್ಥಿತಿಗೆ ಹೋಗುತ್ತವೆ ಎಂಬುದು ನೆನಪಿರಲಿ.

ಹಂತ 7: ಕಾರ್ಡ್ ಕೂರಿಸುವುದು

ಮೊದಲು ಹಿಂಭಾಗದ ಖಾಲಿ ಪಟ್ಟಿ ತೆಗೆಯಿರಿ. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಅದು ತಿರುಪಿನದಲ್ಲ, ಅಲುಗಾಡಿಸಿ ಮುರಿಯುವ ತಗಡು. ಅಂಚು ಕೈ ಕೊಯ್ಯುತ್ತದೆ, ಬಟ್ಟೆ ಸುತ್ತಿ ಹಿಡಿಯಿರಿ. ಲೋಹದ ಚೂರು ಬೋರ್ಡ್‌ನ ಮೇಲೆ ಬಿದ್ದಿದೆಯೇ ಎಂದು ಟಾರ್ಚ್ ಬಿಟ್ಟು ಹುಡುಕಿ, ಬಿದ್ದಿದ್ದರೆ ತೆಗೆಯದೆ ಮುಂದೆ ಹೋಗಬೇಡಿ.

ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಿದ್ದರೆ ಆಲ್ಕೊಹಾಲ್‌ನಿಂದ ಒರೆಸಿ. ಹಳೆಯ ಕಾರ್ಡ್ ಮರುಬಳಸುವವರು ಆ ಪಟ್ಟಿಗಳನ್ನು ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ರಬ್ಬರ್ ಪುಡಿಯನ್ನು ಪೂರ್ತಿ ಒರೆಸಬೇಕು. ಕಾರ್ಡ್‌ನ ಅಂಚಿನ ಕಚ್ಚು ಸ್ಲಾಟ್‌ನ ಒಳಗಿನ ಅಡ್ಡಗೋಡೆಗೆ ಹೊಂದುವಂತೆ ನೇರವಾಗಿ ನಿಲ್ಲಿಸಿ, ಎರಡೂ ತುದಿಗೆ ಸಮನಾಗಿ ಒತ್ತಿ. ಓರೆಯಾಗಿ ತೂಗಾಡಿಸುತ್ತ ಒಳಗೆ ತಳ್ಳಬೇಡಿ.

ಬಹಳ ಮಂದಿ ಎಡವುವುದು ಇದರ ನಂತರ. ಲೋಹದ ಪಟ್ಟಿಯ ತಿರುಪು ಬಿಗಿಮಾಡುವಾಗ, ಕ್ಯಾಬಿನೆಟ್ ಸ್ವಲ್ಪ ವಕ್ರವಾಗಿದ್ದರೆ, ಕಾರ್ಡ್‌ನ ಹಿಂತುದಿ ಸ್ಲಾಟ್‌ನಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಕಣ್ಣಿಗೆ ಕೂತಂತೆಯೇ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಕಾರ್ಡ್ ಕಾಣುವುದಿಲ್ಲ. ತಿರುಪು ಬಿಗಿಮಾಡಿದ ಮೇಲೆ ಬಗ್ಗಿ ನೋಡಿ: ಚಿನ್ನದ ಪಟ್ಟಿಯ ಅಂಚು ಸ್ಲಾಟ್‌ಗೆ ಸಮಾನಾಂತರವಾಗಿರಬೇಕು. ಎದ್ದಿದ್ದರೆ ತಿರುಪು ಸಡಿಲಿಸಿ, ಲೋಹದ ಪಟ್ಟಿಯ ಕೆಳತುದಿಯನ್ನು ಕೊಂಚ ಬಾಗಿಸಿ ಮತ್ತೆ ಕೂರಿಸಿ.

ಹಂತ 8: ಪವರ್ ಕೇಬಲ್

ಮೋಲೆಕ್ಸ್ ಕನೆಕ್ಟರ್‌ನ ಎರಡು ಮೂಲೆಗಳು ಓರೆಯಾಗಿ ಕತ್ತರಿಸಿರುತ್ತವೆ. ಕಾರ್ಡ್‌ನಲ್ಲೂ ಹಾಗೆಯೇ ಇರುತ್ತದೆ. ಅವು ಹೊಂದಿಕೊಂಡರೆ ಮಾತ್ರ ಒತ್ತಿ. ಹಳದಿ ತಂತಿ 12 ವೋಲ್ಟ್, ಕೆಂಪು ತಂತಿ 5 ವೋಲ್ಟ್. ತಿರುಗುಮುರುಗಾಗಿ ಬಲವಂತದಿಂದ ಚುಚ್ಚಿದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಕಾರ್ಡ್ ಕೂಡ, ಅದಕ್ಕೆ ಜೋಡಿಸಿದ ಡಿಸ್ಕ್ ಕೂಡ ಸುಡುತ್ತದೆ. ಹಳೆಯ ಮೋಲೆಕ್ಸ್‌ಗಳ ಒಳಗಿನ ಪಿನ್ ಹಿಂದಕ್ಕೆ ಜಾರುವುದೂ ಉಂಟು. ಚುಚ್ಚಿದ ಮೇಲೆ ಹಿಂಬದಿಯಿಂದ ನಾಲ್ಕೂ ತಂತಿಗಳನ್ನು ನೋಡಿ.

ಕೇಬಲ್ ಫ್ಯಾನ್‌ಗೆ ತಾಗದಂತೆ ಕಟ್ಟಿ. ಪಕ್ಕದ ತಗಡು ಈಗಲೇ ಮುಚ್ಚಬೇಡಿ.

ಹಂತ 9: ಚಾಲೂ ಮಾಡಿ ಡ್ರೈವರ್ ಸ್ಥಾಪಿಸುವುದು

ಹೊಸ ಪೋರ್ಟ್‌ಗಳಿಗೆ ಏನನ್ನೂ ಚುಚ್ಚದೆ ಯಂತ್ರ ಚಾಲೂ ಮಾಡಿ. ಕೀಬೋರ್ಡ್ ಮತ್ತು ಮೌಸ್ ಹಳೆಯ ಪೋರ್ಟ್‌ನಲ್ಲೇ ಇರಲಿ, ಮುಂದೆಯೂ ಅಲ್ಲೇ ಇರಲಿ. ಸೇರಿಸಿದ ಕಾರ್ಡ್‌ನ ಪೋರ್ಟ್‌ಗಳು ಹಳೆಯ ಬಯೋಸ್‌ಗೆ ಕಾಣುವುದಿಲ್ಲ. ಅಲ್ಲಿ ಕೀಬೋರ್ಡ್ ಹಾಕಿದರೆ ಬಯೋಸ್‌ಗೆ ಹೋಗಲು ಆಗದು, ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಲೂ ಆ ಪೋರ್ಟ್ ಒದಗದು.

ವಿಂಡೋಸ್ ತೆರೆದ ಮೇಲೆ ಡಿವೈಸ್ ಮ್ಯಾನೇಜರ್ ನೋಡಿ. ಹಳದಿ ಗುರುತಿದ್ದರೆ ಇಳಿಸಿಟ್ಟ ಡ್ರೈವರ್ ಸ್ಥಾಪಿಸಿ, ಯಂತ್ರವನ್ನು ಮರುಪ್ರಾರಂಭಿಸಿ. ಎಕ್ಸ್‌ಎಚ್‌ಸಿಐ ಕಂಟ್ರೋಲರ್ ಮತ್ತು ಅದರ ರೂಟ್ ಹಬ್ ಎರಡೂ ಗುರುತಿಲ್ಲದೆ ಕಾಣಬೇಕು. ಏನೂ ಕಾಣದಿದ್ದರೆ ಡ್ರೈವರ್ ಹುಡುಕುತ್ತ ಕೂರಬೇಡಿ. ಅದು ಏಳನೆಯ ಹಂತದ ತೊಂದರೆ, ಕಾರ್ಡ್ ಸರಿಯಾಗಿ ಕೂತಿಲ್ಲ.

ಹಂತ 10: ಮತ್ತೆ ಅಳೆಯಿರಿ

ಮೊದಲ ಹಂತದ ಅದೇ ಫೈಲ್, ಅದೇ ಡ್ರೈವ್, ಈಗ ಹೊಸ ಪೋರ್ಟ್‌ನಲ್ಲಿ. ಅಂಕಿ ಮತ್ತೆ 35ರಲ್ಲೇ ನಿಂತರೆ ಸಾಧನ 2.0 ಆಗಿಯೇ ಜೋಡಣೆಯಾಗಿದೆ. ಯುಎಸ್‌ಬಿ ಟ್ರೀ ವ್ಯೂ ಎಂಬ ಉಚಿತ ತಂತ್ರಾಂಶ ಪ್ರತಿ ಸಾಧನ ಯಾವ ವೇಗದಲ್ಲಿ ಕೂತಿದೆ ಎಂದು ತೋರಿಸುತ್ತದೆ. ‘ಸೂಪರ್‌ಸ್ಪೀಡ್’ ಎಂದಿರಬೇಕು, ‘ಹೈಸ್ಪೀಡ್’ ಎಂದಿದ್ದರೆ 2.0.

ಕಾರಣ ಹೆಚ್ಚಾಗಿ ಕೇಬಲ್‌ನಲ್ಲಿರುತ್ತದೆ. ಹೊರಗಿನ ಡಿಸ್ಕ್‌ನ 3.0 ಕೇಬಲ್‌ನ ತುದಿ ಅಗಲವಾಗಿ, ಎರಡು ಭಾಗವಾಗಿರುತ್ತದೆ. ಹಳೆಯ ಮೊಬೈಲ್ ಕೇಬಲ್ ಅದರ ಒಂದು ಭಾಗಕ್ಕೆ ಸರಿಯಾಗಿ ಕೂರುತ್ತದೆ, ಡಿಸ್ಕ್ ಕೆಲಸವನ್ನೂ ಮಾಡುತ್ತದೆ, ಆದರೆ 2.0 ವೇಗದಲ್ಲಿ. ನಡುವೆ ಹಳೆಯ ಎಕ್ಸ್‌ಟೆನ್ಷನ್ ಕೇಬಲ್, ಹಳೆಯ ಹಬ್ ಇದ್ದರೂ ಅದೇ ಕಥೆ. ಇನ್ನೊಂದು ಸಣ್ಣ ಸಂಗತಿ: 3.0 ಪೆನ್‌ಡ್ರೈವನ್ನು ತೀರಾ ನಿಧಾನವಾಗಿ ಒಳಗೆ ತಳ್ಳಿದರೆ ಮೊದಲು 2.0ರ ಪಟ್ಟಿಗಳು ತಾಗಿ, ಅದೇ ವೇಗದಲ್ಲಿ ಜೋಡಣೆಯಾಗಿಬಿಡುತ್ತದೆ. ತೆಗೆದು, ಒಂದೇ ಸಲಕ್ಕೆ ದೃಢವಾಗಿ ಚುಚ್ಚಿ.

ತೊಂದರೆಯ ಲಕ್ಷಣಗಳು

ಡಿಸ್ಕ್‌ನ ದೀಪವೇ ಹೊತ್ತದಿದ್ದರೆ ಕಾರ್ಡ್‌ಗೆ ಪವರ್ ಕೇಬಲ್ ಬಂದಿಲ್ಲ. ದೀಪ ಹೊತ್ತಿ, ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಮತ್ತೆ ಮತ್ತೆ ಮಾಯವಾಗುತ್ತಿದ್ದರೆ 5 ವೋಲ್ಟ್ ಸಾಲುತ್ತಿಲ್ಲ. ಹಳೆಯ ಎಸ್‌ಎಂಪಿಎಸ್ ಬಳಲಿರುವುದು ಇದಕ್ಕೆ ದೊಡ್ಡ ಕಾರಣ. ಕೂಡಲೇ ನಕಲಿಸುವುದನ್ನು ನಿಲ್ಲಿಸಿ. ಈ ಸ್ಥಿತಿಯಲ್ಲಿ ಮುಂದುವರಿದರೆ ಡಿಸ್ಕ್‌ನ ಫೈಲ್‌ಗಳೇ ಹಾಳಾಗುತ್ತವೆ.

ಸ್ವಲ್ಪ ಹೊತ್ತು ಬಿಟ್ಟಾಗ ಮಾತ್ರ ಡಿಸ್ಕ್ ಕಳಚಿಕೊಳ್ಳುತ್ತಿದ್ದರೆ ಅದು ವಿಂಡೋಸ್‌ನ ಉಳಿತಾಯ ಬುದ್ಧಿ. ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಮತ್ತು ಪಿಸಿಐ ಎಕ್ಸ್‌ಪ್ರೆಸ್‌ನ ‘ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್’ ಎರಡನ್ನೂ ಆಫ್ ಮಾಡಿ.

ಫೈಲ್ ಹೋಗುವಾಗ ವೈರ್‌ಲೆಸ್ ಮೌಸ್ ತಡವರಿಸುತ್ತದೆಯೇ? 3.0 ಸಂಪರ್ಕ 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಗದ್ದಲ ಎಬ್ಬಿಸುತ್ತದೆ, ಮೌಸ್‌ನ ರಿಸೀವರ್ ಕೇಳುವುದೂ ಅದೇ ತರಂಗವನ್ನು. ರಿಸೀವರನ್ನು ಮುಂಭಾಗದ ಹಳೆಯ ಪೋರ್ಟ್‌ಗೆ ಸರಿಸಿ.

ಸುಟ್ಟ ವಾಸನೆ ಬಂದರೆ, ಕಾರ್ಡ್‌ನ ಯಾವುದೇ ಭಾಗ ಬೆರಳಿಡಲಾರದಷ್ಟು ಬಿಸಿಯಾದರೆ ಯೋಚಿಸುತ್ತ ನಿಲ್ಲಬೇಡಿ, ಗೋಡೆಯ ಸ್ವಿಚ್ ಆರಿಸಿ.

4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದೇ ಇಲ್ಲ ಎಂದರೆ ಪೋರ್ಟ್‌ನ ದೋಷವಲ್ಲ, ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ. ಒಳಗಿನದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಮುಂಭಾಗಕ್ಕೂ ವೇಗ ಬೇಕಿದ್ದರೆ

ಮುಂಭಾಗದ ನೀಲಿ ಪೋರ್ಟ್‌ಗಳ ಕೇಬಲ್‌ಗೆ 19 ಪಿನ್‌ನ ದಪ್ಪ ಕನೆಕ್ಟರ್ ಇರುತ್ತದೆ. ಅದು ಕೂರುವ ಜಾಗ ಹಳೆಯ ಬೋರ್ಡ್‌ನಲ್ಲಿಲ್ಲ. 19ರಿಂದ 9 ಪಿನ್‌ಗೆ ಇಳಿಸುವ ಅಡಾಪ್ಟರ್ ಸಿಗುತ್ತದೆ, ಅದನ್ನು ಹಾಕಿದರೆ ಪೋರ್ಟ್ ಕೆಲಸ ಮಾಡುತ್ತದೆ, ವೇಗ 2.0ರದ್ದೇ. ನಿಜವಾದ ವೇಗ ಬೇಕಿದ್ದರೆ 19 ಪಿನ್‌ನ ಜಾಗವನ್ನೂ ಹೊಂದಿರುವ ಕಾರ್ಡನ್ನೇ ನಾಲ್ಕನೆಯ ಹಂತದಲ್ಲಿ ಆರಿಸಬೇಕು. ಆ ಪಿನ್‌ಗಳು ಬಹಳ ಸೂಕ್ಷ್ಮ. ಒಂದು ಬಾಗಿದರೂ ನೆಟ್ಟಗೆ ಮಾಡುವುದು ಕಷ್ಟ. ಹಿಂಭಾಗಕ್ಕೆ ಕೈ ಹಾಕುವ ಶ್ರಮ ತಪ್ಪಿಸುವುದಷ್ಟೇ ಉದ್ದೇಶವಾದರೆ ಒಳ್ಳೆಯ ಗುಣಮಟ್ಟದ, ಒಂದು ಮೀಟರ್‌ನ 3.0 ಎಕ್ಸ್‌ಟೆನ್ಷನ್ ಕೇಬಲ್ ಸಾಕು.

ಮಳೆಗಾಲದ ಪಾಲನೆ

ಬಳಸದ ಪೋರ್ಟ್‌ಗಳಿಗೆ ರಬ್ಬರ್ ಮುಚ್ಚಳ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಮ್ಮೆಯಾದರೂ ಯಂತ್ರವನ್ನು ಸ್ವಲ್ಪ ಹೊತ್ತು ಚಾಲೂ ಇಡಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಚಾಲೂ ಇರುವಾಗ ಬಟ್ಟೆಯ ಹೊದಿಕೆ ಹಾಕಬೇಡಿ. ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಇಂಟರ್‌ನೆಟ್ ಕೇಬಲ್‌ನ್ನೂ ಕಳಚಿ, ಏಕೆಂದರೆ ಆ ತಂತಿಯ ಮೂಲಕವೂ ಸಿಡಿಲಿನ ಆಘಾತ ಬೋರ್ಡ್ ತಲುಪುತ್ತದೆ. ಮಳೆ ಮುಗಿದ ಮೇಲೆ ಒಮ್ಮೆ ತಗಡು ತೆಗೆದು ಆರನೆಯ ಹಂತದ ಶುಚಿ ಕೆಲಸ ಮಾಡಿ, ಕಾರ್ಡ್‌ನ ತಿರುಪು ಸಡಿಲಾಗಿದೆಯೇ ನೋಡಿ, ಅದೇ ಫೈಲ್‌ನಿಂದ ಮತ್ತೊಮ್ಮೆ ವೇಗ ಅಳೆದು ಹಿಂದಿನ ಅಂಕಿಯ ಪಕ್ಕದಲ್ಲಿ ಬರೆದಿಡಿ.